ನಾಟಿ ಗದ್ದೆಯ ನಡುನೋವಿಗೆ ನಡಿಗೆ, ವ್ಯಾಯಾಮವೇ ಮದ್ದು

ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಕೆಲವೇ ದಿನಗಳಲ್ಲಿ ಸಿಂಧನೂರು ತಾಲ್ಲೂಕಿನ ಹಳ್ಳಿ, ಕ್ಯಾಂಪ್‌ಗಳ ಸುತ್ತ ಭತ್ತದ ನಾಟಿ ಆರಂಭವಾಗುತ್ತದೆ. ಕೆಸರಿನಲ್ಲಿ ಸಾಲಾಗಿ ನಿಂತ ಮಹಿಳೆಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಂಟದಿಂದ ಬಾಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ಹಚ್ಚುತ್ತಾರೆ. ಮಸ್ಕಿ, ಲಿಂಗಸುಗೂರು ಭಾಗದಲ್ಲಿ ಹತ್ತಿ ಬಿಡಿಸುವುದು, ತೊಗರಿ ಕೊಯ್ಲು, ಸದೆ ತೆಗೆಯುವುದು. ಹಟ್ಟಿಯಲ್ಲಿ ಚಿನ್ನದ ಗಣಿಯ ದುಡಿಮೆ. ಮಾರುಕಟ್ಟೆ ಮತ್ತು ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಕೆಲಸ. ಕಸುಬು ಬೇರೆ ಬೇರೆಯಾದರೂ ಇವರೆಲ್ಲರಿಂದ ಕೇಳಿಬರುವ ದೂರು ಒಂದೇ: ನಡುನೋವು.

ನಡುನೋವು ಬಂದವರಿಗೆ ಮನೆಯಲ್ಲಿ ಮೊದಲು ದೊರೆಯುವ ಸಲಹೆ ಹಾಸಿಗೆ ಬಿಟ್ಟು ಏಳಬೇಡಿ ಎಂಬುದು. ಆದರೆ ದಿನಗೂಲಿಯಿಂದಲೇ ಸಂಸಾರ ನಡೆಸುವವರಿಗೆ ಎರಡು ವಾರ ಮಲಗುವುದೆಂದರೆ ನಾಟಿಯ ಹಂಗಾಮನ್ನೇ ಕಳೆದುಕೊಂಡಂತೆ. ಹೀಗಾಗಿ ಅನೇಕರು ನೋವಿನ ಮಾತ್ರೆ ನುಂಗಿ ಅಥವಾ ಚುಚ್ಚುಮದ್ದು ಹಾಕಿಸಿಕೊಂಡು ಮತ್ತೆ ಅದೇ ರೀತಿಯಲ್ಲಿ ಬಾಗುತ್ತಾರೆ. ಕಳೆದ ಮೂರು ದಶಕಗಳ ವೈದ್ಯಕೀಯ ಅಧ್ಯಯನಗಳು ಈ ಎರಡೂ ದಾರಿಗಳಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ತೋರಿಸಿವೆ. ಸಾಧಾರಣ ಬೆನ್ನುನೋವಿಗೆ ನಿತ್ಯದ ಓಡಾಟ, ಹದವಾದ ವ್ಯಾಯಾಮ ಮತ್ತು ಕೆಲಸ ಮಾಡುವ ರೀತಿಯಲ್ಲಿ ಸಣ್ಣ ಬದಲಾವಣೆ ಇವೇ ಮುಖ್ಯ ಚಿಕಿತ್ಸೆಗಳು.

ನೋವು ಬರುವುದು ಎಲ್ಲಿಂದ?

ಬೆನ್ನುಮೂಳೆಯ ಕಂಬದಲ್ಲಿ ಚಲಿಸಬಲ್ಲ 24 ಮಣಿಗಳಿವೆ: ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು ಒತ್ತಡವನ್ನು ಹಂಚುತ್ತವೆ. ಇವುಗಳನ್ನು ಹಿಡಿದಿಡುವುದು ಅಸ್ಥಿರಜ್ಜುಗಳು ಹಾಗೂ ಬೆನ್ನು, ಹೊಟ್ಟೆ, ಪೃಷ್ಠದ ಸ್ನಾಯುಗಳು. ದೇಹದ ಮೇಲ್ಭಾಗದ ಭಾರವೆಲ್ಲ ಸೊಂಟದ ಐದು ಮಣಿಗಳ ಮೇಲೆ ಬೀಳುವುದರಿಂದ ನೋವೂ ಅಲ್ಲಿಯೇ ಹೆಚ್ಚು.

ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ನೋವಿಗೆ ಇಂತಹದೇ ಕಾಯಿಲೆ ಕಾರಣವೆಂದು ಗುರುತಿಸಲಾಗುವುದಿಲ್ಲ. ಸ್ನಾಯು, ರಜ್ಜು, ಕೀಲುಗಳ ಮೇಲೆ ಬಿದ್ದ ಒತ್ತಡದ ಫಲ ಅದು. ಇಂತಹ ನೋವು ಬಹುತೇಕರಲ್ಲಿ ಆರು ವಾರಗಳೊಳಗೆ ಸಾಕಷ್ಟು ತಗ್ಗುತ್ತದೆ. ಮೂರು ತಿಂಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲದ ಬೆನ್ನುನೋವು ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟದ ನೋವು ಇತ್ತು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರುವ ಅಂದಾಜಿದೆ.

ನೋವು ಬಂದ ಕೂಡಲೇ ಸ್ಕ್ಯಾನಿಂಗ್‌ಗಾಗಿ ರಾಯಚೂರು, ಬಳ್ಳಾರಿಗೆ ಹೋಗಿ ಹಣ ಖರ್ಚು ಮಾಡುವವರಿದ್ದಾರೆ. ವರದಿಯಲ್ಲಿ ‘ಡಿಸ್ಕ್ ಸವೆದಿದೆ’ ಎಂಬ ಸಾಲು ಕಂಡರೆ ಇಡೀ ಮನೆ ಕಂಗಾಲಾಗುತ್ತದೆ. ಆದರೆ ಯಾವುದೇ ನೋವಿಲ್ಲದವರ ಸ್ಕ್ಯಾನಿಂಗ್‌ಗಳನ್ನು ಪರಿಶೀಲಿಸಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 20ರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ, 80ರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡುಬಂದಿತ್ತು. ಕೂದಲು ನೆರೆಯುವಂತೆ ಇದೂ ವಯಸ್ಸಿನ ಗುರುತು. ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ವಾರಗಳಲ್ಲಿ ಸ್ಕ್ಯಾನಿಂಗ್ ಅಗತ್ಯ ಬೀಳುವುದಿಲ್ಲ.

ಬಾಗಿದ ಬೆನ್ನಿನಲ್ಲಿ ಆಗುವುದೇನು?

ಸೊಂಟದಿಂದ ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿ, ಭಾರವೆಲ್ಲ ರಜ್ಜುಗಳ ಮೇಲೆ ಜೋತುಬೀಳುತ್ತದೆ. ಬಹಳ ಹೊತ್ತು ಎಳೆದುಕೊಂಡಿದ್ದ ರಜ್ಜುಗಳು ಸಡಿಲವಾಗುತ್ತವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ನಿಮಿಷ ಬಾಗಿದ್ದವರ ಬೆನ್ನು ಎರಡು ನಿಮಿಷದಲ್ಲಿ ಅರ್ಧದಷ್ಟು ಮಾತ್ರ ಬಿಗಿ ಮರಳಿ ಪಡೆದಿತ್ತು; ಅರ್ಧ ಗಂಟೆಯ ನಂತರವೂ ಪೂರ್ಣ ಮೊದಲಿನಂತಾಗಿರಲಿಲ್ಲ. ಗಂಟೆಗಟ್ಟಲೆ ನಾಟಿ ಮಾಡಿದ ಕೂಡಲೇ ಸಸಿಯ ಹೊರೆ ಎತ್ತುವವರು, ಟ್ರ್ಯಾಕ್ಟರ್‌ನಿಂದ ಇಳಿದ ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕುವವರು ನಡು ಹಿಡಿದುಕೊಂಡು ಕೂರುವುದಕ್ಕೆ ಇದೂ ಒಂದು ಕಾರಣ.

ಬೆಳಗಿನ ಜಾವವೂ ಎಚ್ಚರ ಬೇಕಾದ ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೆಳಗಿನ ಬಾಗುವಿಕೆಯನ್ನು ತಪ್ಪಿಸಿದವರಲ್ಲಿ ನೋವಿನ ದಿನಗಳು ಕಡಿಮೆಯಾಗಿದ್ದವು. ಎದ್ದ ತಕ್ಷಣ ಅಂಗಳ ಕಸ ಗುಡಿಸುವುದು, ನೀರಿನ ಕೊಡ ಎತ್ತುವುದು ಇವುಗಳಿಗೆ ಮೊದಲು ಹತ್ತು ನಿಮಿಷ ಅಡ್ಡಾಡುವುದು ಲೇಸು. ಉದ್ದ ಹಿಡಿಕೆಯ ಕಸಬರಿಗೆ ಬಳಸಿದರೆ ಬಾಗುವುದೇ ತಪ್ಪುತ್ತದೆ.

ಹಾಸಿಗೆಗಿಂತ ಓಡಾಟ ಮೇಲು

ಫಿನ್ಲೆಂಡ್‌ನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಹಠಾತ್ ಬೆನ್ನುನೋವು ಬಂದವರಲ್ಲಿ ಒಂದು ಗುಂಪಿಗೆ ಎರಡು ದಿನ ಹಾಸಿಗೆ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ಸಹಿಸಬಹುದಾದಷ್ಟು ನಿತ್ಯದ ಓಡಾಟ ಸೂಚಿಸಲಾಯಿತು. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ನಿಧಾನವಾಗಿ ಚೇತರಿಸಿಕೊಂಡವರು ಹಾಸಿಗೆ ಹಿಡಿದವರು. ಇದರಿಂದ ಇನ್ನೊಂದು ಮಾತೂ ಸ್ಪಷ್ಟ. ನೋವು ತೀವ್ರವಾಗಿರುವ ಮೊದಲ ದಿನಗಳಲ್ಲಿ ಕಸರತ್ತು ಬೇಡ, ಓಡಾಟ ಸಾಕು. ವ್ಯಾಯಾಮದ ಪಾತ್ರ ನೋವು ತಗ್ಗುತ್ತ ಬಂದ ಮೇಲೆ, ಅದು ಮರಳದಂತೆ ತಡೆಯುವುದರಲ್ಲಿ.

ನಡಿಗೆಯ ಲಾಭವನ್ನು ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಅಳೆದು ತೋರಿಸಿತು. ಒಮ್ಮೆ ನೋವಿನಿಂದ ಗುಣವಾದವರಲ್ಲಿ ಕ್ರಮವಾಗಿ ನಡೆಯಲು ಆರಂಭಿಸಿದವರಿಗೆ ನೋವು ಮರಳುವುದಕ್ಕೆ ಸರಾಸರಿ 208 ದಿನ ಹಿಡಿಯಿತು. ನಡಿಗೆಯ ಕ್ರಮವಿಲ್ಲದವರಿಗೆ 112 ದಿನಗಳಲ್ಲೇ ಮರಳಿತು. ನಡಿಗೆಗೆ ಬೇಕಾದದ್ದು ಒಂದು ಜೊತೆ ಚಪ್ಪಲಿ ಮತ್ತು ಅರ್ಧ ಗಂಟೆ ಬಿಡುವು ಮಾತ್ರ. ‘ದಿನವೆಲ್ಲ ಹೊಲದಲ್ಲಿ ದುಡಿಯುವವರಿಗೆ ನಡಿಗೆ ಏಕೆ’ ಎಂಬ ಪ್ರಶ್ನೆ ಸಹಜ. ಹೊಲದ ದುಡಿಮೆಯಲ್ಲಿ ಬೆನ್ನು ಒಂದೇ ಭಂಗಿಯಲ್ಲಿ ಸಿಕ್ಕಿಕೊಂಡಿರುತ್ತದೆ. ನೆಟ್ಟಗೆ ನಿಂತು ಕೈಬೀಸಿ ನಡೆದಾಗ ಅದಕ್ಕೆ ಬೇರೆ ಬಗೆಯ ಚಲನೆ ದೊರೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ರೋಗಿಗೆ ತಿಳಿವಳಿಕೆ, ವ್ಯಾಯಾಮ, ಮಸಾಜ್‌ನಂತಹ ಕೆಲವು ದೈಹಿಕ ಚಿಕಿತ್ಸೆ, ಮಾನಸಿಕ ಬೆಂಬಲ ಮತ್ತು ಕೆಲವು ಉರಿಯೂತ ನಿವಾರಕ ಮಾತ್ರೆಗಳನ್ನು ಅದು ಬೆಂಬಲಿಸಿದೆ. ಔಷಧ ಅಂಗಡಿಗಳಲ್ಲಿ ಬಹಳ ಮಾರಾಟವಾಗುವ ಸೊಂಟದ ಬೆಲ್ಟ್ ಹಾಗೂ ಬೆನ್ನನ್ನು ಎಳೆದು ಕಟ್ಟುವ ಚಿಕಿತ್ಸೆಯನ್ನು ವಾಡಿಕೆಯಾಗಿ ಬಳಸಬಾರದೆಂದು ಸೂಚಿಸಿದೆ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮತ್ತು ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಯೋಗವೋ, ವ್ಯಾಯಾಮವೋ?

ಬೆಂಗಳೂರು ಸಮೀಪದ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 80 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದು ವಾರ ಅಲ್ಲಿಯೇ ತಂಗಿ ಯೋಗ ಮಾಡಿದವರಲ್ಲಿ, ಬರೀ ದೈಹಿಕ ವ್ಯಾಯಾಮ ಮಾಡಿದವರಿಗಿಂತ ನೋವಿನ ತೊಂದರೆ ಹೆಚ್ಚು ತಗ್ಗಿ, ಬೆನ್ನಿನ ಬಾಗುವ ಶಕ್ತಿ ಹೆಚ್ಚಿತ್ತು. ಅಮೆರಿಕದಲ್ಲಿ 228 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಯೋಗ ತರಗತಿ ಮತ್ತು ಸ್ನಾಯು ಹಿಗ್ಗಿಸುವ ವ್ಯಾಯಾಮದ ತರಗತಿ ಸರಿಸಮವಾಗಿ ಫಲ ನೀಡಿದವು. ಪುಸ್ತಕವೊಂದನ್ನು ಕೊಟ್ಟು ಕಳಿಸಿದವರಿಗಿಂತ ಇವೆರಡೂ ಗುಂಪಿನವರು ಸುಧಾರಿಸಿದ್ದರು. ಪದ್ಧತಿ ಯಾವುದೆಂಬುದಕ್ಕಿಂತ ಬಿಡದೆ ಮಾಡುವುದು ಮುಖ್ಯವೆಂದು ಇದರಿಂದ ತಿಳಿಯಬಹುದು.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು

ಚಾಪೆ ಅಥವಾ ಜಮಖಾನೆಯ ಮೇಲೆ, ಬರಿಹೊಟ್ಟೆಯಲ್ಲಿ ಇಲ್ಲವೇ ಊಟವಾದ ಎರಡು–ಮೂರು ಗಂಟೆಯ ನಂತರ ಇವನ್ನು ಮಾಡಬಹುದು. ಒಟ್ಟು 15ರಿಂದ 20 ನಿಮಿಷ ಸಾಕು. ಎದ್ದ ಕೂಡಲೇ ಮಾಡದೆ, ಸ್ವಲ್ಪ ಅಡ್ಡಾಡಿದ ನಂತರ ಆರಂಭಿಸಬೇಕು.

1. ಬೆಕ್ಕಿನ ಭಂಗಿ: ಅಂಗೈ, ಮೊಣಕಾಲು ಊರಿ ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಉಬ್ಬಿಸಿ, ನಂತರ ಕೆಳಕ್ಕೆ ಇಳಿಸಬೇಕು. ಆರರಿಂದ ಎಂಟು ಸಲ. ಬೆನ್ನಿನ ಬಿಗಿತ ಸಡಿಲಿಸಲು ಇದು ಮೊದಲ ಹೆಜ್ಜೆ.

2. ಎದುರು ಕೈ–ಕಾಲು ಚಾಚುವುದು: ಅದೇ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ನೇರವಾಗಿ ಚಾಚಿ ಹತ್ತು ಎಣಿಸುವವರೆಗೆ ನಿಲ್ಲಿಸಬೇಕು. ನಂತರ ಬದಲಿಸಬೇಕು. ಪ್ರತಿ ಬದಿಗೆ ಐದು ಸಲ. ಸೊಂಟ ಒಂದು ಬದಿಗೆ ವಾಲಬಾರದು.

3. ಸೇತುಬಂಧ: ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ಊರಿ ಪೃಷ್ಠವನ್ನು ಮೇಲೆತ್ತಬೇಕು. ಐದು ಎಣಿಸಿ ಇಳಿಸಬೇಕು. ಹತ್ತು ಸಲ. ಭಾರ ಎತ್ತುವಾಗ ಬೆನ್ನಿಗೆ ನೆರವಾಗುವ ಪೃಷ್ಠದ ಸ್ನಾಯುಗಳು ಇದರಿಂದ ಬಲಗೊಳ್ಳುತ್ತವೆ.

4. ಬದಿಯ ಆಧಾರ: ಒಂದು ಮಗ್ಗುಲಿಗೆ ಮಲಗಿ ಮೊಣಕೈ ಮತ್ತು ಮಡಿಸಿದ ಮೊಣಕಾಲಿನ ಮೇಲೆ ದೇಹವನ್ನು ಎತ್ತಿ ಹತ್ತು ಎಣಿಸಬೇಕು. ಎರಡೂ ಬದಿಗೆ ಮೂರು ಸಲ.

5. ಭುಜಂಗಾಸನದ ಸರಳ ರೂಪ: ಬೋರಲು ಮಲಗಿ ಮೊದಲು ಮೊಣಕೈಗಳ ಮೇಲೆ ಎದೆ ಎತ್ತಬೇಕು. ನೋವಿಲ್ಲದಿದ್ದರೆ ಅಂಗೈಗಳ ಮೇಲೆ ಇನ್ನಷ್ಟು ಏಳಬಹುದು. ಎಂಟು–ಹತ್ತು ಸಲ. ದಿನವೆಲ್ಲ ಮುಂದಕ್ಕೆ ಬಾಗಿ ದುಡಿಯುವವರಿಗೆ ಇದು ಬಹಳ ಉಪಯುಕ್ತ. 1956ರಲ್ಲಿ ನ್ಯೂಜಿಲೆಂಡ್‌ನ ಫಿಸಿಯೋಥೆರಪಿ ತಜ್ಞ ರಾಬಿನ್ ಮೆಕೆಂಜಿ ಅವರ ಚಿಕಿತ್ಸಾಲಯದಲ್ಲಿ ರೋಗಿಯೊಬ್ಬರು ತಲೆಭಾಗ ಎತ್ತರಿಸಿದ್ದ ಹಾಸಿಗೆಯ ಮೇಲೆ ತಪ್ಪಾಗಿ ಬೋರಲು ಮಲಗಿ, ಕಾಲಿಗೆ ಇಳಿದಿದ್ದ ನೋವು ಹೋಯಿತೆಂದು ಹೇಳಿದ್ದರು. ಬೆನ್ನನ್ನು ಹಿಂದಕ್ಕೆ ಬಾಗಿಸುವ ಚಿಕಿತ್ಸಾ ಪದ್ಧತಿ ಬೆಳೆದದ್ದು ಆ ಘಟನೆಯಿಂದ.

6. ಮೊಣಕಾಲು ಎದೆಗೆ: ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎರಡೂ ಕೈಯಿಂದ ಎದೆಯ ಕಡೆಗೆ ಎಳೆದು ಇಪ್ಪತ್ತು ಎಣಿಸಬೇಕು. ಬಹಳ ಹೊತ್ತು ನಿಂತು ಕೆಲಸ ಮಾಡುವವರಿಗೆ ಇದು ಹಿತ. ದಿನವೆಲ್ಲ ಬಾಗುವವರು ಇದನ್ನು ಬಿಡಬಹುದು.

7. ತೊಡೆಯ ಹಿಂಭಾಗ ಹಿಗ್ಗಿಸುವುದು: ಅಂಗಾತ ಮಲಗಿ ಒಂದು ಪಾದಕ್ಕೆ ಟವೆಲ್ ಸಿಕ್ಕಿಸಿ ಕಾಲನ್ನು ನೇರವಾಗಿ ಮೇಲೆತ್ತಬೇಕು. ಇಪ್ಪತ್ತು–ಮೂವತ್ತು ಎಣಿಸಿ ಬದಲಿಸಬೇಕು. ಟ್ರ್ಯಾಕ್ಟರ್, ಆಟೊ, ಬಸ್ ಚಾಲಕರಲ್ಲಿ ಈ ಸ್ನಾಯುಗಳು ಬಿಗಿಯಾಗಿರುತ್ತವೆ.

ವ್ಯಾಯಾಮದ ನಂತರ ಮೈಕೈ ಸ್ವಲ್ಪ ನೊಂದರೆ ಆತಂಕ ಬೇಡ. ಆದರೆ ನೋವು ಬೆನ್ನಿನಿಂದ ಪೃಷ್ಠಕ್ಕೆ, ಮೊಣಕಾಲಿನ ಕೆಳಗೆ ಇಳಿಯುತ್ತ ಹೋದರೆ ಆ ವ್ಯಾಯಾಮವನ್ನು ನಿಲ್ಲಿಸಬೇಕು. ಕಾಲಿನಲ್ಲಿದ್ದ ನೋವು ಮೇಲಕ್ಕೆ ಸರಿದು ಸೊಂಟದ ನಡುವಿಗೆ ಬಂದರೆ ಅದು ಒಳ್ಳೆಯ ಸೂಚನೆ. ಗರ್ಭಿಣಿಯರು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತವಿರುವ ಹಿರಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಕಸುಬಿಗೆ ತಕ್ಕ ಭಂಗಿ

ದಿನವೆಲ್ಲ ಕಾಯ್ದುಕೊಳ್ಳಬಹುದಾದ ಒಂದೇ ‘ಸರಿಯಾದ’ ಭಂಗಿ ಎಂಬುದಿಲ್ಲ. ಆಗಾಗ ಭಂಗಿ ಬದಲಿಸುವುದೇ ಸರಿಯಾದ ಕ್ರಮ.

ನಾಟಿ ಮತ್ತು ಸದೆ: ಪ್ರತಿ ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು, ಕೈಗಳನ್ನು ಸೊಂಟದ ಹಿಂದೆ ಇಟ್ಟು ಐದು ಸಲ ಹಿಂದಕ್ಕೆ ಬಾಗಬೇಕು. ಇದಕ್ಕೆ ಅರ್ಧ ನಿಮಿಷ ಸಾಕು. ಒಬ್ಬರೇ ನಿಂತರೆ ಸಾಲು ಹಿಂದೆ ಬೀಳುವುದರಿಂದ ಇಡೀ ತಂಡ ಒಟ್ಟಿಗೆ ನಿಲ್ಲುವ ಕ್ರಮ ಬೇಕು. ಗದ್ದೆಯ ಮಾಲೀಕರೂ ಇದಕ್ಕೆ ಒಪ್ಪಬೇಕು. ಸಸಿಯ ಕಟ್ಟು ಹಂಚುವ ಕೆಲಸವನ್ನು ಸರದಿಯಂತೆ ಬದಲಿಸಿಕೊಂಡರೆ ಎಲ್ಲರಿಗೂ ನೆಟ್ಟಗೆ ನಡೆಯುವ ಅವಕಾಶ ಸಿಗುತ್ತದೆ. ಸದೆ ತೆಗೆಯುವಾಗ ಸಾಧ್ಯವಿದ್ದಲ್ಲಿ ಉದ್ದ ಹಿಡಿಕೆಯ ಸಲಕರಣೆ ಬಳಸಬಹುದು. ಕೂರಿಗೆಯಿಂದ ನೇರ ಬಿತ್ತನೆ ಮತ್ತು ನಾಟಿ ಯಂತ್ರಗಳು ಬಾಗುವ ಶ್ರಮವನ್ನೇ ತಪ್ಪಿಸುತ್ತವೆ. ಆದರೆ ನಾಟಿಯ ಕೂಲಿಯನ್ನೇ ನಂಬಿದ ಮಹಿಳೆಯರ ದುಡಿಮೆಯ ದಿನಗಳೂ ಅದರಿಂದ ಕಡಿಮೆಯಾಗುತ್ತವೆ.

ಹತ್ತಿ ಬಿಡಿಸುವುದು: ಉಡಿಯಲ್ಲಿ ತುಂಬಿದ ಹತ್ತಿಯ ಭಾರ ಸೊಂಟವನ್ನು ಮುಂದಕ್ಕೆ ಎಳೆಯುತ್ತದೆ. ಉಡಿ ಪೂರ್ತಿ ತುಂಬುವವರೆಗೆ ಕಾಯದೆ ಆಗಾಗ ಬರಿದು ಮಾಡಿಕೊಳ್ಳಬೇಕು. ಕೆಳಗಿನ ಕಾಯಿಗಳಿಗೆ ಸೊಂಟ ಬಾಗಿಸುವ ಬದಲು ಒಂದು ಮೊಣಕಾಲು ಊರಿ ಕುಳಿತುಕೊಳ್ಳಬಹುದು.

ಚೀಲ ಹೊರುವುದು: ಸಿಂಧನೂರು, ಗಂಗಾವತಿ ಭಾಗದಲ್ಲಿ ಭತ್ತದ ದರವನ್ನು 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಪುರುಷ ಕಾರ್ಮಿಕ ಹೊರುವ ಗರಿಷ್ಠ ಭಾರವನ್ನು 55 ಕೆ.ಜಿ.ಗೆ ಇಳಿಸಬೇಕೆಂದು ಶಿಫಾರಸು ಮಾಡಿತ್ತು. ಮಹಿಳೆಯರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕೆಂದಿತ್ತು. ಚೀಲದ ತೂಕ ಇಳಿಸುವುದು ಹಮಾಲರ ಕೈಯಲ್ಲಿಲ್ಲ. ಅದು ವರ್ತಕರು, ಗಿರಣಿ ಮಾಲೀಕರು ಮತ್ತು ಮಾರುಕಟ್ಟೆ ಸಮಿತಿಗಳು ಮಾಡಬೇಕಾದ ಕೆಲಸ. ಹೊರುವವರು ಪಾಲಿಸಬಹುದಾದ ಕ್ರಮ ಇಷ್ಟು: ನೆಲದಿಂದ ಎತ್ತುವಾಗ ಇಬ್ಬರು ಕೈಗೂಡಿಸಬೇಕು, ಚೀಲ ದೇಹಕ್ಕೆ ತಾಗಿರಬೇಕು, ಮೊಣಕಾಲು ಮಡಿಸಿ ತೊಡೆಯ ಬಲದಿಂದ ಏಳಬೇಕು. ಭಾರ ಹೊತ್ತು ಸೊಂಟ ತಿರುಚದೆ, ಪಾದಗಳನ್ನೇ ತಿರುಗಿಸಬೇಕು. ಚೀಲಗಳನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಒಟ್ಟಿದರೆ ಅರ್ಧ ಶ್ರಮ ಉಳಿಯುತ್ತದೆ.

ಟ್ರ್ಯಾಕ್ಟರ್ ಮತ್ತು ಬೈಕ್: ಟ್ರ್ಯಾಕ್ಟರ್ ಮಾರಾಟಕ್ಕೆ ಹೆಸರಾದ ಸಿಂಧನೂರಿನಲ್ಲಿ ಚಾಲಕರ ನಡುನೋವು ಹೊಸದಲ್ಲ. ಯಂತ್ರದ ಕಂಪನ, ಹಿಂದಿನ ಸಲಕರಣೆ ನೋಡಲು ಪದೇ ಪದೇ ತಿರುಗುವುದು, ಹರಿದ ಸೀಟು ಇವು ಕಾರಣಗಳು. ಸೀಟಿನ ಸ್ಪ್ರಿಂಗ್, ಮೆತ್ತೆ ದುರಸ್ತಿ ಮಾಡಿಸಬೇಕು. ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟುಕೊಳ್ಳಬಹುದು. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಬೇಕು. ಇಳಿದ ಕೂಡಲೇ ಭಾರ ಎತ್ತಬಾರದು. ಗಣಿಯಲ್ಲಿ ಕೊರೆಯುವ ಯಂತ್ರ ಹಿಡಿಯುವವರಿಗೂ, ದಿನವೂ ಬೈಕ್‌ನಲ್ಲಿ ದೂರ ಸಂಚರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅಡುಗೆ ಮನೆ: ನೆಲದ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವವರು ಎತ್ತರದ ಮಣೆ ಬಳಸಿದರೆ ಬೆನ್ನು ಕಡಿಮೆ ಬಾಗುತ್ತದೆ. ನಿಂತು ಬಡಿಯುವವರಿಗೆ ಕಟ್ಟೆ ಸೊಂಟದ ಮಟ್ಟಕ್ಕಿರಲಿ. ಒಂದೇ ಕಂಕುಳಲ್ಲಿ ದೊಡ್ಡ ಕೊಡ ಹೊರುವುದಕ್ಕಿಂತ ಎರಡೂ ಕೈಯಲ್ಲಿ ಸಣ್ಣ ಕೊಡ ಹಿಡಿಯುವುದು ಮೇಲು.

ನಿದ್ರೆ: ನೆಲವೇ ಆಗಬೇಕೆಂದಿಲ್ಲ. ಮಧ್ಯಮ ಗಟ್ಟಿಯ ಹಾಸಿಗೆ ಸಾಕು. ಜೋತುಬಿದ್ದ ಹೊರಸು ಬೇಡ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಬಹುದು.

ವ್ಯಾಯಾಮದಿಂದ ಗುಣವಾಗದ ನೋವು

ಬೆನ್ನುನೋವೆಲ್ಲವೂ ಸಾಧಾರಣವಲ್ಲ. ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

• ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು. ಇದು ತುರ್ತು ಸ್ಥಿತಿ. ಗಂಟೆಗಳ ವಿಳಂಬವೂ ಶಾಶ್ವತ ಹಾನಿಗೆ ಕಾರಣವಾಗಬಹುದು.

• ಪಾದ ಎತ್ತಲಾಗದಿರುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು.

• ಸಂಜೆಯ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದಾಗಲೂ ತಗ್ಗದ ನೋವು. ಬೆನ್ನುಮೂಳೆಯ ಕ್ಷಯ ಹೀಗೆ ಕಾಣಿಸಿಕೊಳ್ಳಬಹುದು. ಕ್ಷಯದ ಪರೀಕ್ಷೆ, ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

• ಬಿದ್ದು ಪೆಟ್ಟಾದ ನಂತರದ ನೋವು. ಈ ಹಿಂದೆ ಕ್ಯಾನ್ಸರ್ ಆಗಿದ್ದವರ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಹೊಸ ನೋವು.

• ಪಕ್ಕೆಯಿಂದ ತೊಡೆಸಂದಿಗೆ ಅಲೆಯಂತೆ ಬರುವ ನೋವು. ಇದು ಮೂತ್ರಪಿಂಡದ ಕಲ್ಲಿನ ಲಕ್ಷಣವಾಗಿರಬಹುದು.

ಈ ಭಾಗದಲ್ಲಿ ನೆನಪಿಡಬೇಕಾದ ಇನ್ನೊಂದು ಕಾರಣ ಫ್ಲೋರೈಡ್. ರಾಯಚೂರು ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಇದಕ್ಕಿಂತ ಬಹಳ ಹೆಚ್ಚಿರುವ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನು, ಕುತ್ತಿಗೆ, ಕೀಲುಗಳು ಗಡುಸಾಗಿ ಬಾಗಲಾಗದ ಸ್ಥಿತಿ ಬರಬಹುದು. ಒಂದೇ ಮನೆಯ, ಓಣಿಯ ಹಲವರಿಗೆ ಬೆನ್ನು ಸೆಟೆದು, ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆ ಕಂಡರೆ ನೀರಿನ ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಇಂತಹ ನೋವಿಗೆ ಎಷ್ಟು ಆಸನ ಹಾಕಿದರೂ ಮೂಲ ಪರಿಹಾರ ಶುದ್ಧ ನೀರೇ.

ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮೇಲಿನ ಲಕ್ಷಣಗಳಿದ್ದಲ್ಲಿ ಅಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಅಗತ್ಯ ಬಿದ್ದರೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಗೆ ಹೋಗಬಹುದು.

ಉಳಿದ ಸಾಧಾರಣ ನೋವಿಗೆ ಮೊದಲ ಎರಡು ದಿನ ಬಿಸಿ ಶಾಖ, ಮನೆಯೊಳಗೆ ಸಣ್ಣ ಓಡಾಟ. ಮೂರನೆಯ ದಿನದಿಂದ ಹತ್ತು ನಿಮಿಷದ ನಡಿಗೆ. ಮೊದಲ ವಾರ ಕಳೆದು ನೋವು ತಗ್ಗಿದ ಮೇಲೆ ಮೇಲಿನ ವ್ಯಾಯಾಮಗಳಲ್ಲಿ ಎರಡು–ಮೂರನ್ನು ಆರಿಸಿ ಆರಂಭ. ಕೂಲಿಗೆ ಮರಳುವಾಗ ಕೆಲ ದಿನ ಹಗುರ ಕೆಲಸ ಕೇಳಿ ಪಡೆಯುವುದು ಒಳ್ಳೆಯದು. ನೋವು ಹೋದ ಮೇಲೂ ವ್ಯಾಯಾಮ ಬಿಡಬಾರದು. ಮುಂದಿನ ಹಂಗಾಮಿನ ನಾಟಿಗೆ ಬೆನ್ನನ್ನು ಸಜ್ಜುಗೊಳಿಸಬೇಕಾದದ್ದು ಕಾಲುವೆಗೆ ನೀರು ಬರುವುದಕ್ಕೆ ಎರಡು ತಿಂಗಳು ಮೊದಲೇ.